ದೋಟಿ ಹಿಡಿದು ನಿಂತವನು

"ಕಳ್ಳ...! ಹಿಡ್ಕೊಳ್ರೋ!"

ಎದುರುಮನೆ ಆಂಡಾಳಮ್ಮನ ಕೂಗಿಗೆ ಸಂಪಿಗೆ ರಸ್ತೆಯ ಮೆಟ್ರೋ ರೈಲೇ ಗಕ್ಕನೆ ನಿಂತಿತಂತೆ. ನಂಬದವರು ಆಂಡಾಳಮ್ಮನನ್ನೇ ಕೇಳಬಹುದು.

ಸುಪ್ರಜಾ ಗೇಟಿಗೆ ಓಡಿ ಬಂದಳು. ಅಲ್ಲಿ ಅವನು! ಕೈಯಲ್ಲಿ ಹೂ ಕೀಳುವ ದೋಟಿ, ಕಾಲ ಬಳಿ ಚೆಲ್ಲಿದ, ಆಂಡಾಳಮ್ಮನ ಮರದ ಸಂಪಿಗೆ.

ತಿಂಗಳಿಂದ ದಿನಾ ಬೆಳಿಗ್ಗೆ ಅವಳ ಕಿಟಕಿಯತ್ತ ನೋಡಿ ನಗುತ್ತಿದ್ದ ಶ್ರೀರಾಂಪುರದ ಲಿಖಿತ್.

'ನನ್ನ ನೋಡಕ್ಕೆ ಬರ್ತಾನೆ ಅಂದ್ಕೊಂಡಿದ್ನಲ್ಲ... ಹೂ ಕದಿಯಕ್ಕಾ!'

ಅವಳ ಎದೆ ಉರಿಯಿತು.

ಬೀಟಿಗೆ ಬಂದಿದ್ದ ಕಾನ್‌ಸ್ಟೆಬಲ್ ಮೂರ್ತಿ ಬೈಕ್ ನಿಲ್ಲಿಸಿದ. "ಏನಪ್ಪಾ, ಏನ್ ಕೆಲ್ಸ ನಿಂದು?"

"ಮೇಷ್ಟ್ರ ಕೆಲ್ಸ ಸಿಕ್ಕಿದೆ ಸಾರ್. ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ."

"ಆಯ್ತಲ್ಲ ಈಗ!" ಮೂರ್ತಿ ಸುಪ್ರಜಾಳತ್ತ ತಿರುಗಿದ. "ಮೇಡಂ, ನಿಮ್ಮ ಗೇಟಲ್ಲೇ ನಿಂತಿದಾನೆ. ಕದ್ದಿದ್ದು ಇವ್ನೇನಾ? ಹ್ಞೂಂ ಅನ್ನಿ, ಸ್ಟೇಷನ್‌ಗೆ ಕರ್ಕೊಂಡ್ ಹೋಗ್ತೀನಿ. ಮೇಷ್ಟ್ರ ಕೆಲ್ಸ ಅಲ್ಲಿಗೆ ಮುಗೀತು."

ಹ್ಞೂಂ ಎನ್ನಲು ಬಾಯಿ ತೆರೆದಳು... ತಕ್ಷಣ ತನ್ನದೇ ಪ್ರಬಂಧ ನೆನಪಾಯಿತು.

ಸುಪ್ರಜಾ ಕಾನೂನಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಒಬ್ಬರನ್ನು ಶಿಕ್ಷಿಸುವ ನೈತಿಕ ಹಕ್ಕು ನಮಗೆ ಎಲ್ಲಿಂದ ಬಂತು ಎಂಬುದೇ ವಿಷಯ. ಆರೋಪಿಯ ಮಾತು ಕೇಳದೆ ಕೊಟ್ಟ ಶಿಕ್ಷೆ ಬರೀ ಸೇಡು ಎಂದು ಬರೆದೂ ಬರೆದೂ, ಆ ಪ್ರಬಂಧದ ಭಾರಕ್ಕೆ ಮನೆಯ ತೊಲೆಯೇ ಬಗ್ಗಿತ್ತು.

'ಇದು ಶಿಕ್ಷೆನಾ... ನನ್ನ ಸೇಡಾ?'

"ನೀವೇ ಕದ್ರಾ?" ಅವನನ್ನೇ ಕೇಳಿದಳು.

ಲಿಖಿತ್‌ನ ಕಣ್ಣು ಒಮ್ಮೆ ಅವಳ ಹಿಂದಿನ ಬಾಗಿಲಿಗೆ ಹೋಗಿ ಬಂತು.

"ಹೇಳ್ರೀ! ಕೆಲ್ಸ ಹೋಗುತ್ತೆ ನಿಮ್ದು!"

"ಹೋದ್ರೆ ಹೋಗ್ಲಿ ಬಿಡಿ..."

ಸುಪ್ರಜಾ ಥಟ್ಟನೆ ಹಿಂದೆ ತಿರುಗಿದಳು. ಬಾಗಿಲ ಮರೆಯಲ್ಲಿ ತಾತ ದೊರೆಸ್ವಾಮಿ. ಪಂಚೆಯ ಮಡಿಲು ತುಂಬ ಸಂಪಿಗೆ!

"ತಾತಾ...!"

"ದೇವ್ರಿಗೆ ತಾನೆ ಕಣೇ..." ತಾತ ಗೊಣಗಿದರು. "ಹೋದ ತಿಂಗ್ಳು ಹೂ ಕೀಳೋಕೆ ಹೋಗಿ ಕಾಂಪೌಂಡಿಂದ ಬೀಳ್ತಿದ್ದೆ, ಇವ್ನೇ ಹಿಡ್ಕೊಂಡ. ನಿಮಗೆ ಗೊತ್ತಾದ್ರೆ ನನ್ನ ವಾಕಿಂಗ್ ಬಂದ್! ಹೇಳ್ಬೇಡ ಅಂತ ಆಣೆ ಹಾಕಿಸ್ದೆ. ಆಮೇಲೆ ದಿನಾ ಪಾರ್ಕಲ್ಲಿ ಅವ್ನ ಮನೆ ಹೂವೇ ತಂದ್ಕೊಡ್ತಿದ್ದ. ಇವತ್ತು ಅವ್ನು ಲೇಟು, ನಾನೇ ಕೀಳಕ್ಕೆ ಹೋದೆ... ಆಂಡಾಳಮ್ಮ ಕೂಗಿದ್ರು, ದೋಟಿ ಅವ್ನ ಕೈಗಿಟ್ಟು ಓಡ್ಬಂದೆ."

"ಕೇಳಿದ್ರೆ ಬುಟ್ಟಿ ತುಂಬ ಕೊಡ್ತಿರ್ಲಿಲ್ವೇ! ಕಂಪ್ಲೇಂಟ್ ಗಿಂಪ್ಲೇಂಟ್ ಬೇಡಪ್ಪಾ," ಎಂದು ಆಂಡಾಳಮ್ಮ ಒಳನಡೆದರು.

"ದೇವ್ರನ್ನ ಅರೆಸ್ಟ್ ಮಾಡೋ ಪವರ್ ನಮಗಿಲ್ಲ," ಎಂದು ಮೂರ್ತಿ ಬೈಕ್ ಹತ್ತಿದ. ತಾತ ಅದಕ್ಕೂ ಮೊದಲೇ ಮಾಯ.

ಗೇಟಿನಲ್ಲಿ ಇಬ್ಬರೇ ಉಳಿದರು.

"ಸಾರಿ... ನನ್ನ ಕೋಪ ಹೂವಿಗಲ್ಲ. ನೀವು ಬರ್ತಿದ್ದಿದ್ದು ನನಗೋಸ್ಕರ ಅಲ್ವಲ್ಲ ಅಂತ..."

"ಹೂವು ಕೊಡ್ತಿದ್ದಿದ್ದು ಪಾರ್ಕಲ್ಲಿ ಕಣ್ರೀ. ಈ ಗೇಟ್ ಹತ್ರ ಯಾಕ್ ಬರ್ತಿದ್ದೆ... ನೀವೇ ಹೇಳಿ."

ಅವಳ ಕಣ್ಣು ತುಂಬಿತು. ಬಗ್ಗಿ, ಒಂದು ಸಂಪಿಗೆ ಎತ್ತಿ ಮುಡಿದಳು.

"ಅಯ್ಯೋ, ಅದು ಕದ್ದ ಹೂವು!"

"ಹಾಗಾದ್ರೆ..." ಅವಳು ಕೈ ಮುಂದೆ ಚಾಚಿದಳು. "ಹಿಡ್ಕೊಳ್ಳಿ."