ಕಣ್ಣು ಹೋದತ್ತ ಗಾಲಿ

ಭುವನಾಳಿಗೆ ಒಂದು ಚಿಂತೆಯಿತ್ತು. ಯಾರ ಮುಂದೆಯೂ ಹೇಳಿಕೊಳ್ಳುವಂಥದ್ದಲ್ಲ. ಕನ್ನಡಿಯ ಮುಂದೆ ಜಡೆ ಹಾಕಿಕೊಳ್ಳುವಾಗ ತನಗೆ ತಾನೇ ಒಪ್ಪಿಕೊಳ್ಳುವಂಥದ್ದು.

'ನನ್ನ ಮಾರಿ ಯಾರಿಗೂ ನೆನಪಿರೂದಿಲ್ಲ...'

ಕುರೂಪಿಯಾಗಿದ್ದರೆ ಜನ ನೆನಪಿಟ್ಟುಕೊಳ್ಳುತ್ತಿದ್ದರು. ಚೆಂದವಿದ್ದರಂತೂ ಕೇಳುವುದೇ ಬೇಡ. ಇವಳು ಎರಡೂ ಅಲ್ಲ. ರಾಣೆಬೆನ್ನೂರಿನಲ್ಲಿ ಬಿ.ಎ. ಮುಗಿಸಿ ಮಾರ್ಕ್ಸ್ ಕಾರ್ಡ್ ತರಲು ಹೋದರೆ, ಪಾಠ ಹೇಳಿದ ಮೇಡಮ್ಮೇ "ನೀ ಯಾವ ಬ್ಯಾಚಿನಾಕಿ ಯವ್ವಾ?" ಎಂದು ಕೇಳಿದ್ದರು. ನೋಡಲು ಬಂದ ಗಂಡಿನ ಕಡೆಯವರು ಇವಳ ಕೈಯಿಂದಲೇ ಚಹಾ ತೆಗೆದುಕೊಂಡು, ಒಳಗೆ ಇಣುಕಿ, "ಹುಡುಗೀನ ಕರೀರಿ" ಎಂದಿದ್ದರು!

ಅಂದು ರಾತ್ರಿ ಅವ್ವ ಸೋಮವ್ವ ಅತ್ತಿದ್ದಳು. ಭುವನಾ ಅಳಲಿಲ್ಲ. ಅವಳಿಗೆ ರೂಢಿಯಾಗಿತ್ತು.

ಅಪ್ಪ ಪ್ರಭುಲಿಂಗಪ್ಪ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಮಧ್ಯಾಹ್ನ ಅವನಿಗೆ ಬುತ್ತಿ ಒಯ್ಯುವುದು ಇವಳ ಕೆಲಸ. ಸೋಮವಾರ, ಗುರುವಾರ ಕಾಲಿಡಲು ಜಾಗವಿಲ್ಲದ ಮಾರ್ಕೆಟ್ ಯಾರ್ಡು ಉಳಿದ ದಿನ ಆ ಹೊತ್ತಿಗೆ ಬಣಗುಡುತ್ತಿರುತ್ತದೆ. ನುಣುಪು ಕಾಂಕ್ರೀಟು, ಗಾಳಿಯಲ್ಲಿ ಕೆಂಪು ಘಾಟು, ಮೂಲೆಯಲ್ಲಿ ಖಾಲಿ ಚೀಲಗಳ ಒಟ್ಟಿಲು.

ಅವತ್ತೂ ತಲೆ ತಗ್ಗಿಸಿಕೊಂಡೇ ಅಂಗಳ ದಾಟುತ್ತಿದ್ದಳು.

ಬೈಕಿನ ಸದ್ದು! ತಲೆ ಎತ್ತಿದಳು. ಕಪ್ಪು ಬೈಕೊಂದು ನೇರ ಇವಳತ್ತಲೇ ನುಗ್ಗಿ ಬರುತ್ತಿತ್ತು. ಒಮ್ಮೆಲೇ ಅದರ ಹಿಂದಿನ ಗಾಲಿ ನೆಲ ಬಿಟ್ಟಿತು. ಮೇಲೆ... ಇನ್ನೂ ಮೇಲೆ... ಬರೀ ಮುಂದಿನ ಗಾಲಿಯ ಮೇಲೆ, ಕೊಂಡಿ ಎತ್ತಿದ ಚೇಳಿನಂತೆ, ಉರುಳುತ್ತ ಬಂತು!

"ಅಲ್ಲಾಡಬ್ಯಾಡ್ರೀ!"

ಅಲ್ಲಾಡಲು ಕಾಲಾದರೂ ಬರಬೇಕಲ್ಲ! ಕಲ್ಲಾಗಿ ನಿಂತಳು. ಹೆಲ್ಮೆಟ್ಟಿನ ಒಳಗಿನಿಂದ ಎರಡು ಕಣ್ಣು ಅವಳನ್ನೇ, ಅವಳೊಬ್ಬಳನ್ನೇ, ನೋಡುತ್ತಿದ್ದವು. ಹುಟ್ಟಿದಾಗಿನಿಂದ ಯಾರೂ ಅವಳನ್ನು ಹಾಗೆ ನೋಡಿರಲಿಲ್ಲ.

ಗಾಲಿ ಅವಳ ಚಪ್ಪಲಿಯ ತುದಿಗೆ ಬಂದು ನಿಂತಿತು. ಹಿಂದಿನ ಗಾಲಿ ದಪ್ಪೆಂದು ನೆಲಕ್ಕಿಳಿಯಿತು.

ಹೆಲ್ಮೆಟ್ ತೆಗೆದ ಹುಡುಗ 'ಹೆದರಿದ್ರೇನ್ರಿ?' ಎಂದು ಕೇಳಲಿಲ್ಲ. ಹಿಂದೆ ತಿರುಗಿ ಕೂಗಿದ, "ಸಿದ್ಯಾ! ಎಲ್ಲಿಂದ ಎಲ್ಲೀತನಾ ಬಂದೆ ನೋಡಿದಿಯೇನಲೇ!"

ಓಡಿ ಬಂದ ಗೆಳೆಯ ಸಿದ್ದಲಿಂಗೇಶ ಏದುಸಿರು ಬಿಡುತ್ತ ನಕ್ಕ. "ಇಷ್ಟು ದಿನ ಗಾಲಿ ನೋಡ್ಕೋತ ಮುಗ್ಗರಸ್ತಿದ್ದಿ. ದೂರ ನೋಡಲೇ ಅಂತ ಬಡ್ಕೊಂಡೆ. ಇವತ್ತು ಈಕೀನ ನೋಡಿದಿ, ಎಲ್ಲಿ ಸಾಯ್ತಾಳೋ ಅಂತ ಹೆದರಿ. ಅದಕ್ಕ ಬಂತು!"

ಹುಡುಗ ಆಗ ಅವಳ ಕಡೆ ತಿರುಗಿದ. "ನಾಳೆನೂ ಇಲ್ಲೇ ನಿಂದರ್ತೀರೇನ್ರಿ?"

ಭುವನಾ ತಲೆಯಾಡಿಸಿದಳು. ಹೂಂ ಎಂದೋ, ಊಹೂಂ ಎಂದೋ ಅವಳಿಗೇ ತಿಳಿಯಲಿಲ್ಲ.

ಮರುದಿನ ಹೋಗಿ ನಿಂತಳು.

* * *

ಅವನ ಹೆಸರು ಕಿರಣಕುಮಾರ. ರಾಣೆಬೆನ್ನೂರಿನ ಬೀಜದ ವ್ಯಾಪಾರಿಯ ಮಗ. ಮನೆಯಲ್ಲಿ 'ಮುಂದಿನ ಬ್ರೇಕ್ ಮುಟ್ಟಿದ್ರ ಪಲ್ಟಿ ಹೊಡದು ಸಾಯ್ತಿ' ಎಂದು ಬೈಸಿಕೊಂಡು, ಅದೇ ಬ್ರೇಕಿನಲ್ಲಿ ಹೆಸರು ಮಾಡಲು ಹೊರಟವನು. 2007ರ ಆ ಬೇಸಿಗೆಯಲ್ಲಿ ಹಾವೇರಿಯಲ್ಲಿ ಬೈಕ್ ಸ್ಟಂಟ್ ಶೋ ಇತ್ತು. ಹೀಗೆ ಬ್ರೇಕು ಒತ್ತಿ ಹಿಂದಿನ ಗಾಲಿ ಎಬ್ಬಿಸುವ 'ಸ್ಟಾಪಿ' ಹೊಡೆಯುವವರು ಊರಿಗೊಬ್ಬರಿದ್ದರು. ಆದರೆ ಎದ್ದ ಬೈಕನ್ನು ಇಳಿಸದೆ, ಮುಂದಿನ ಗಾಲಿಯ ಮೇಲೆಯೇ ಡೊಂಕಾಗಿ ತಿರುಗಿಸಿಕೊಂಡು ಹೋಗುವವರು ಯಾರೂ ಇರಲಿಲ್ಲ. ಅದೇ ಅವನಿಗೆ ಬೇಕಾಗಿತ್ತು.

ಬಂದವನೇ ಮೊದಲು ಕಸಬರಿಗೆ ಹಿಡಿದು ಕಾಂಕ್ರೀಟಿನ ಮೇಲೆ ಚೆಲ್ಲಿದ ಮೆಣಸಿನಬೀಜ ಗುಡಿಸುತ್ತಿದ್ದ. ಒಂದು ಬೀಜ ಗಾಲಿಯ ಕೆಳಗೆ ಸಿಕ್ಕರೂ ಜಾರುತ್ತದೆ. ಆಮೇಲೆ ಮೊಣಕಾಲಲ್ಲಿ ಟ್ಯಾಂಕು ಅವುಚಿ, ತೋಳು ಬಿಗಿದು, ನಿಂಬೆಹಣ್ಣು ಹಿಂಡಿದ ಹಾಗೆ ಮೆಲ್ಲಗೆ ಬ್ರೇಕು ಒತ್ತುವುದು. ಬೈಕು ತೀರಾ ಎದ್ದರೆ ಕೂದಲೆಳೆಯಷ್ಟು ಸಡಿಲಿಸುವುದು. ಇವನ್ನೆಲ್ಲ ಮಾಡುವಷ್ಟು ಹೊತ್ತೂ ಕಣ್ಣು ಮಾತ್ರ ಭುವನಾಳ ಮೇಲೆ.

ನೇರ ಬರುತ್ತಿತ್ತು. ತಿರುವು ಬರುತ್ತಿರಲಿಲ್ಲ. ಹ್ಯಾಂಡಲ್ ತಿರುವಿದ ಕೂಡಲೇ ಹಿಂಬದಿ ಒಗೆದು ಬೀಳಿಸುತ್ತಿತ್ತು.

"ಕೈಲೆ ತಿರುಗಸಬ್ಯಾಡಲೇ ಹುಚ್ಚಾ!" ಸಿದ್ದಲಿಂಗೇಶ ಕಿರುಚುತ್ತಿದ್ದ. "ಕಣ್ಣು ಹೊಳ್ಳಬೇಕು, ಹಿಂದ ಭುಜ, ಸೊಂಟ. ಕಣ್ಣು ಹೋದ ಕಡೆ ಗಾಡಿ ತಾನ ಹೋಗತೈತಿ!"

ಎರಡನೇ ದಿನವೇ ಅವನ ಬಾಯಲ್ಲಿ 'ನೀವು' ಹೋಗಿ 'ನೀ' ಬಂದಿತ್ತು. "ಏ, ಒಂದೀಟು ಈ ಕಡೆ ನಿಂದ್ರು... ಹಾಂ, ಅಷ್ಟ." ಅವನು ಅವಳ ಜೊತೆ ಆಡುತ್ತಿದ್ದ ಮಾತು ಇಷ್ಟೇ. ಅಷ್ಟಕ್ಕೇ ಅವಳಿಗೆ ಬೆಳಗು ಬೇಗ ಆಗುತ್ತಿತ್ತು, ರೊಟ್ಟಿ ಲಗೂ ಬೇಯುತ್ತಿತ್ತು.

'ಅವರು ನನ್ನ ನೋಡತಾರ... ದಿನಾ ನೋಡತಾರ!'

ಶೋ ಹತ್ತಿರ ಬಂದಾಗ ಒಂದು ದಿನ ಅವನೇ ಹತ್ತಿರ ಬಂದ. "ನಿನ್ನ ದುಪಟ್ಟಾ ಕೊಡ್ತಿಯೇನ? ಈ ಕೇಸರಿದು."

ಅವಳ ಕಿವಿ ಬಿಸಿಯಾಯಿತು. "ಯಾ... ಯಾಕ್ರೀ?"

"ಬೇಕು. ಕೊಡ."

ಕೊಟ್ಟಳು. ಬುತ್ತಿ ಡಬ್ಬಿ ಎದೆಗವಚಿಕೊಂಡು, ಓಣಿಯ ಗೋಡೆ ಹಿಡಿದು ಮನೆ ಸೇರಿದಳು. "ದುಪಟ್ಟಾ ಎಲ್ಲೇ?" ಎಂದು ಅವ್ವ ಕೇಳಿದರೆ, "ಅರುಣಾ ಒಯ್ದಾಳ" ಎಂದು ಗೆಳತಿಯ ಹೆಸರು ಹೇಳಿದಳು. ಆ ಸಂಜೆ ಭುವನಾ ಮೊಟ್ಟಮೊದಲ ಸಲ ಕನ್ನಡಿಯಲ್ಲಿ ತನ್ನನ್ನು ನೋಡಿ ನಕ್ಕಳು.

ಮರುದಿನ ತುಸು ಬೇಗನೇ ಹೋದಳು. ಚೀಲದ ಒಟ್ಟಿಲು ದಾಟುವ ಮೊದಲೇ ಕಂಡಿತು... ಅವಳು ನಿಲ್ಲುವ ಜಾಗದಲ್ಲಿ ಒಂದು ಬಿದಿರ ಕಂಬ. ಅದಕ್ಕೆ ಕಟ್ಟಿದ ಅವಳ ದುಪಟ್ಟಾ.

ಒಟ್ಟಿಲಿನ ಆಚೆ ಸಿದ್ದಲಿಂಗೇಶನ ದನಿ. "ಆಕೀನ ಹಾವೇರಿಗೆ ಕರ್ಕೊಂಡು ಹೋಗೂದಲ್ಲೇನಲೇ? ದಿನಾ ನಿಂತಾಳ ಪಾಪ."

"ಬ್ಯಾಡಪಾ. ಕಣ್ಣಿಡಾಕ ದುಪಟ್ಟಾ ಸಾಕು. ಮಂದಿ ನಗತಾರ."

"ಏನಲೇ, ಲವ್ವಾ?"

"ಲವ್ವಾ?" ಕಿರಣ ಜೋರಾಗಿ ನಕ್ಕ. "ಕಣ್ಣು ಮುಚ್ಚಿದ್ರ ಆಕಿ ಮಾರಿ ನೆನಪಾಗೂದಿಲ್ಲ ನನಗ!"

"ಖರೇ ಬಿಡು. ಬ್ಯಾಡಗಿ ಕಾಯಿಗೆ ಖಾರ ಇಲ್ಲಂದ್ರೂ ಬಣ್ಣರ ಐತಿ. ಈಕಿಗೆ ಎರಡೂ ಇಲ್ಲ!"

ಇಬ್ಬರೂ ನಕ್ಕರು.

ಭುವನಾ ಬುತ್ತಿ ಹಿಡಿದು ಅಪ್ಪನ ಅಂಗಡಿಗೆ ಹೋದಳು. ಕಣ್ಣಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಬ್ಯಾಡಗಿಯಲ್ಲಿ ಯಾರಾದರೂ ಅತ್ತರೆ ಯಾರೂ ಕಾರಣ ಕೇಳುವುದಿಲ್ಲ. ಎಲ್ಲರೂ ಮೆಣಸಿನಕಾಯಿಯ ಮೇಲೆ ಹಾಕುತ್ತಾರೆ.

* * *

ಆಮೇಲೆ ಅವಳು ಯಾರ್ಡಿನ ಹಿಂದಿನ ಗೇಟಿನಿಂದ ಓಡಾಡತೊಡಗಿದಳು. ಕಿರಣ ಒಂದು ದಿನವೂ ಹುಡುಕಿಕೊಂಡು ಬರಲಿಲ್ಲ.

ಆದರೆ ಅವ್ವ ದುಪಟ್ಟಾ ಬಿಡಲಿಲ್ಲ. "ಅರುಣಾನ ಮನಿಗೆ ನಾನ ಹೋಗಿ ಕೇಳ್ತೇನಿ" ಎಂದಾಗ ಭುವನಾಳ ಜೀವ ಬಾಯಿಗೆ ಬಂತು. ಸುಳ್ಳು ಬಯಲಾದರೆ ಅಪ್ಪನ ತನಕ ಹೋಗುತ್ತದೆ. ಉದ್ಯೋಗ ಕಚೇರಿಯಲ್ಲಿ ಹೆಸರು ಹಚ್ಚಿಸಿ ಬರುತ್ತೇನೆಂದು ಹೇಳಿ, ಶೋ ದಿನ ಹಾವೇರಿ ಬಸ್ಸು ಹತ್ತಿದಳು.

'ನನ್ನ ದುಪಟ್ಟಾ ನಾ ಬಿಚ್ಚಿಕೊಂಡು ಬರ್ತೇನಿ. ಅಷ್ಟ. ಅವರ ಮಾರಿ ಸೈತ ನೋಡೂದಿಲ್ಲ.'

ಮೈದಾನದ ತುಂಬ ಜನ. ಸುತ್ತ ಹಗ್ಗ. ಮೈಕಿನವನ ಒದರಾಟ. ನಡುವೆ ಡ್ರಮ್ಮುಗಳ ಸಾಲು, ಆ ತುದಿಗೆ ಬಿದಿರ ಕಂಬ. ಅವಳ ದುಪಟ್ಟಾ ಅಲ್ಲಿ ಎಲ್ಲರೆದುರು ಪಟಪಟನೆ ಹಾರುತ್ತಿತ್ತು. ನೋಡಿದವಳಿಗೆ ತಾನೇ ಅಲ್ಲಿ ಕಟ್ಟಿಸಿಕೊಂಡು ನಿಂತ ಹಾಗಾಯಿತು.

"ಈಗ ರಾಣೆಬೆನ್ನೂರಿನ ಕಿರಣಕುಮಾರ್ರ್ರ್!"

ಮೈಕು ಹೇಳಿದ್ದು ಅವಳ ಕಿವಿಗೆ ಬೀಳಲೇ ಇಲ್ಲ. ಯಾವತ್ತೂ ನಾಲ್ಕು ಜನರ ನಡುವೆ ನಡೆಯದ ಹುಡುಗಿ ಹಗ್ಗದ ಕೆಳಗೆ ನುಸುಳಿ, ಬಿಸಿಲಲ್ಲಿ, ಕಂಬದತ್ತ ನಡೆದುಬಿಟ್ಟಳು!

ಅತ್ತ ಬೈಕು ಹೊರಟಾಗಿತ್ತು. ಬ್ರೇಕು ಬಿತ್ತು, ಹಿಂದಿನ ಗಾಲಿ ಎದ್ದಿತು. ಕಿರಣನ ಕಣ್ಣು ಕೇಸರಿ ಬಣ್ಣದ ಮೇಲಿತ್ತು. ಅಷ್ಟರಲ್ಲಿ ಅಂಚಿನಿಂದ ಏನೋ ಚಲಿಸಿತು. ಕಣ್ಣು ಅತ್ತ ಹರಿಯಿತು.

ಭುವನಾ!

ಅವಳು ನಡೆದಂತೆ ಅವನ ಕಣ್ಣು ನಡೆಯಿತು. ಕಣ್ಣಿನ ಹಿಂದೆ ಭುಜ, ಭುಜದ ಹಿಂದೆ ಸೊಂಟ, ಸೊಂಟದ ಹಿಂದೆ ಬೈಕು... ಮುಂದಿನ ಒಂದೇ ಗಾಲಿಯ ಮೇಲೆ ಅದು ಬಾಗಿ, ನೀರು ಹರಿದಂತೆ ಡ್ರಮ್ಮು ಬಳಸಿ ತಿರುಗಿತು! ಎಷ್ಟು ಬಿದ್ದರೂ ಬಾರದಿದ್ದ ತಿರುವು!

ಜನ ಹೋ ಎಂದರು. ಆ ಸದ್ದಿಗೆ ಭುವನಾ ತಿರುಗಿ ನೋಡಿದಳು. ಅವೇ ಎರಡು ಕಣ್ಣು. ಕಂಬ ಅಲ್ಲಿಯೇ ಇತ್ತು, ದುಪಟ್ಟಾ ಅಲ್ಲಿಯೇ ಹಾರುತ್ತಿತ್ತು. ಆ ಕಣ್ಣು ಅದರ ಮೇಲಿರಲಿಲ್ಲ.

ಅವಳು ನಿಂತುಬಿಟ್ಟಳು. ಅವಳಿಗೆ ಬಡಿಯಬಾರದೆಂದು ಕಿರಣ ಹ್ಯಾಂಡಲ್ ಎಳೆದ. ಬೈಕು ಪಲ್ಟಿ ಹೊಡೆಯಿತು. ಎಲುಬು ಮುರಿದ ಸದ್ದು ಅವಳು ನಿಂತಲ್ಲಿಗೇ ಕೇಳಿಸಿತು.

ಆಗ ಅವಳ ಎದೆಯಲ್ಲಿ ಎದ್ದ ಭಾವ ಒಂದಿತ್ತಲ್ಲ... ಅದಕ್ಕೆ ಹೆಸರಿಡಲು ಅವಳಿಗೇ ಹೆದರಿಕೆಯಾಯಿತು.

ಜನ ಮುತ್ತಿದರು. ಶೋದವರು ಅವಳ ರಟ್ಟೆ ಹಿಡಿದು ಎಳೆದು ತಂದರು. "ಯಾರಕಿ ಈಕಿ? ಸಾಯಾಕ ಬಂದಿಯೇನ? ಏ ತಮ್ಮಾ, ಈಕಿ ನಿನ್ನ ಕಡ್ಯಾಕೇನ?"

ನೆಲದ ಮೇಲೆ ಭುಜ ಹಿಡಿದು ನರಳುತ್ತಿದ್ದ ಕಿರಣ ತಲೆ ಎತ್ತಿದ. ಅವಳ ಮುಖವನ್ನೇ ನೋಡಿದ. ನೋಡಿ ಹೇಳಿದ:

"ಗೊತ್ತಿಲ್ಲ. ಯಾರೋ ಏನೋ."

ಮುಂದೆ ಕೂತಿದ್ದ ಹುಡುಗರು ಸಿಳ್ಳೆ ಹೊಡೆದು ನಕ್ಕರು. ಭುವನಾ ಕಂಬದಿಂದ ದುಪಟ್ಟಾ ಬಿಚ್ಚಿಕೊಂಡು, ಆ ನಗುವಿನ ನಡುವೆಯೇ ನಡೆದು ಬಸ್‌ಸ್ಟ್ಯಾಂಡಿಗೆ ಬಂದಳು.

* * *

ಒಂದು ಸೋಮವಾರ. ಯಾರ್ಡಿನ ತುಂಬ ಕೆಂಪು ರಾಶಿ, ಹಮಾಲರ ಕೂಗು, ಸೀನು, ಕೆಮ್ಮು. ಬುತ್ತಿ ಕೊಟ್ಟು ಹೊರಬಂದ ಭುವನಾ ಮೆಟ್ಟಿಲ ಮೇಲೆಯೇ ನಿಂತಳು.

ಕಿರಣ! ಬಲಭುಜಕ್ಕೆ ಬೆಲ್ಟು, ಕೈ ಕೊರಳಿಗೆ ತೂಗಿ ಹಾಕಿದೆ. ಬೈಕಿಲ್ಲ, ಗೆಳೆಯನಿಲ್ಲ. ಚೀಲ ಹೊತ್ತು ಬರುವವರ ದಾರಿಗೇ ಅಡ್ಡ ನಿಂತಿದ್ದಾನೆ.

"ಏ ಹೀರೋ, ಸರಿಯೋ!" ಹಮಾಲ ಗಿರಿಯಪ್ಪ ಗದರಿದ. "ಒಣಗಾಕ ಬಂದಿಯೇನ ಬಿಸಲಾಗ?"

ಅವನು ಸರಿದು, ನೇರ ಅವಳ ಹತ್ತಿರ ಬಂದ. ಇಡೀ ಸಂತೆಯೆದುರು.

"ಭುವನಾ..."

'ಇವರಿಗೆ ನನ್ನ ಹೆಸರ ಗೊತ್ತೈತಿ!'

"ಯಾರಂತ ಕೇಳಿದಾಗ ಗೊತ್ತಿಲ್ಲ ಅಂದೆ."

"ಕೇಳಿಸ್ತ್ರಿ."

"ನಿನ್ನ ಹೆಸರ ಹೇಳಿದ್ರ ಸುದ್ದಿ ನಿಮ್ಮಪ್ಪಾರ ತನಕಾ ಹೊಕ್ಕಿತ್ತು. ಅದಕ್ಕ..." ಅವನು ನೆಲ ನೋಡಿದ. "ಇಲ್ಲ. ಅದು ಅರ್ಧ ಖರೇ. ಇನ್ನರ್ಧ... ನಾಚಿಕಿ ಬಂತು. ಹುಡುಗಿ ಸಲುವಾಗಿ ಬಿದ್ದ ಅಂತ ನಗತಾರಲ್ಲ ಅಂತ."

ಸುಮ್ಮನಿರುವುದು ಅವಳಿಗೆ ಬರುವ ವಿದ್ಯೆ. ಆದರೆ ಈ ಸಲ ನಾಲಗೆ ಸುಮ್ಮನಿರಲಿಲ್ಲ.

"ಕಣ್ಣು ಮುಚ್ಚಿದ್ರ ಮಾರಿ ನೆನಪಾಗೂದಿಲ್ಲ ಅಂದಿದ್ರಿ."

ಕಿರಣನ ಮುಖದ ರಕ್ತವೆಲ್ಲ ಇಳಿಯಿತು. "ಅದನೂ ಕೇಳಿಸ್ಕೊಂಡಿಯಾ?"

"ಹೂಂ."

"ಸಿದ್ಯಾನ ಮುಂದ ದೊಡ್ಡಸ್ತಿಕಿ ಮಾಡಾಕ ಹೋಗಿ ಅಂದೆ. ನೀ ಬರೂದು ಬಿಟ್ಟಮ್ಯಾಲೆ ಆ ಕಂಬ ನೋಡ್ಕೋತ ಒಮ್ಮಿನೂ ನೆಟ್ಟಗ ಸ್ಟಾಪಿ ಬರಲಿಲ್ಲ. ಆದ್ರೂ ನಿಮ್ಮ ಓಣಿಗೆ ಬರಾಕ ಕಾಲು ಏಳಲಿಲ್ಲ." ಅವನು ಭುಜದ ಬೆಲ್ಟು ಮುಟ್ಟಿಕೊಂಡ. "ಡಾಕ್ಟರು ಇನ್ನ ಗಾಡಿ ಹೊಡದ್ರೂ ಸ್ಟಂಟ್ ಬ್ಯಾಡ ಅಂದಾರ. ಭುಜ ತಡಿಯೂದಿಲ್ಲಂತ."

ಇಷ್ಟು ದಿನದ ಅವನ ಬದುಕೆಲ್ಲ ಆ ಭುಜದಲ್ಲಿತ್ತು. ಅವಳಿಗೆ ಗೊತ್ತಿತ್ತು.

"ಅವತ್ತು... ಹೊಳ್ಳಿ ಕಂಬದ ಕಡೆ ನೋಡಬಹುದಿತ್ತಲ್ಲರಿ? ಬೀಳ್ತಿದ್ದಿಲ್ಲ."

"ನೋಡಬಹುದಿತ್ತು."

"ಮತ್ತ?"

"ನೋಡ್ಲಿಲ್ಲ."

ಹಮಾಲರು ಇಬ್ಬರನ್ನೂ ಬಳಸಿ ಹಾದುಹೋಗುತ್ತಿದ್ದರು. ಅಂಗಡಿಯೊಳಗೆ ಅಪ್ಪ ಕತ್ತೆತ್ತಿ ಇತ್ತಲೇ ನೋಡುತ್ತಿದ್ದ. ಭುವನಾ ಹಿಂದೆ ಸರಿಯಲಿಲ್ಲ.

"ಏನಾರ ಅನ್ನು," ಎಂದ ಕಿರಣ ಮೆಲ್ಲಗೆ. "ಬೈದ್ರೂ ನಡೀತೈತಿ."

'ಬ್ಯಾನಿ ಕಡಿಮಿ ಆತೇನ್ರಿ' ಎನ್ನಬಹುದಿತ್ತು. 'ನಂದ ತಪ್ಪಾತ್ರಿ' ಎಂದು ಅಳಬಹುದಿತ್ತು. ಒಳ್ಳೆಯ ಹುಡುಗಿಯರು ಆಡುವ ಮಾತೆಲ್ಲ ನಾಲಗೆಯ ತುದಿಗೆ ಬಂದು ಸಾಲಾಗಿ ನಿಂತವು. ಅವೆಲ್ಲವನ್ನೂ ಪಕ್ಕಕ್ಕೆ ಸರಿಸಿ, ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು:

"ನೀ ಬಿದ್ದಿ ನೋಡು... ಆವಾಗ ನನಗ ಭಾಳ ಖುಷಿ ಆತು."

"ಖುಷಿ?"

"ಹೂಂ. ನನ್ನ ನೋಡಿ ಬಿದ್ದಿ ಅಂತ."