ತೊಟ್ಟಿ ತೊಳೆದವಳು

"ಆ ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕಬೇಡಿ!"

ಬೆನ್ನ ಹಿಂದಿನ ದನಿಗೆ ಅವಳ ಕೈ ಅಲ್ಲೇ ನಿಂತಿತು. ವರ್ಷಗಳೇ ಕಳೆದರೂ ಹಾಳಾದ ಮನಸ್ಸು ಆ ದನಿಯನ್ನು ಮರೆತಿರಲಿಲ್ಲ.

ಬಾಗಿಲಲ್ಲಿ ಅವನೇ... ಹಣ್ಣಿನ ಸಂಶೋಧನಾ ಕೇಂದ್ರದವನು. ಅಪ್ಪನ ಕಿತ್ತಳೆ ಮಂಡಿಯಲ್ಲಿ ಎಲ್ಲರೂ ಅವನನ್ನು 'ಬೂಷ್ಟು ಮೇಷ್ಟ್ರು' ಎಂದು ಕಾಡಿಸುತ್ತಿದ್ದರು.

ಎಂಥ ದಿನಗಳವು! ಇದೇ ಶೆಡ್ಡಿನಲ್ಲಿ, ಬೋರಲು ಹಾಕಿದ ಕ್ರೇಟಿನ ಮೇಲೆ ಕೂತು ಅವನು ಹೇಳುತ್ತಿದ್ದ... ಬೂಷ್ಟು ತಡೆಯಲು ವಿಷದ ಔಷಧಿಯೇ ಬೇಕಿಲ್ಲ, ಸಿಪ್ಪೆಯ ಮೇಲೆ ತಾನಾಗಿ ಬೆಳೆಯುವ ಯೀಸ್ಟ್ ಸಾಕು. ಅದನ್ನು ಕಲಸಿದ ತೊಟ್ಟಿಯ ನೀರಲ್ಲಿ ಹಣ್ಣು ಅದ್ದಿದರೆ ಬೂಷ್ಟಿಗೆ ಜಾಗವೇ ಸಿಗುವುದಿಲ್ಲ. ಅವಳು ಕೇಳಿಸಿಕೊಂಡದ್ದು ಅರ್ಧ, ಅವನ ಮುಖ ನೋಡಿದ್ದೇ ಹೆಚ್ಚು.

ಆದರೆ ಅದ್ದಿದ ಮೊದಲ ಲೋಡೇ ಬೂಷ್ಟು ಹಿಡಿದು ವಾಪಸಾಯಿತು. ಅಪ್ಪ ಕೆಂಡಾಮಂಡಲವಾದರು. ಅವನು ತುಟಿಪಿಟಕ್ಕೆನ್ನದೆ ಹೊರಟುಹೋದ, ಅವಳಿಗೂ ಒಂದು ಮಾತು ಹೇಳದೆ.

"ಯಾಕೆ ಹಾಕಬಾರದು?" ಬಿಗಿಯಾಗಿಯೇ ಕೇಳಿದಳು.

"ಔಷಧಿ ಹಾಕಿದ ಹಣ್ಣು ಯಾರೂ ಕೊಳ್ತಿಲ್ಲ, ಯೀಸ್ಟೇ ಹಾಕಿಕೊಡಿ ಅಂತ ನಿಮ್ಮಪ್ಪನೇ ಕೇಂದ್ರಕ್ಕೆ ಹೇಳಿಕಳಿಸಿದ್ರು. ಬರೋದು ನಾನು ಅಂತ ಅವರಿಗೆ ಗೊತ್ತಿಲ್ಲ. ತೊಟ್ಟೀಲಿ ಬ್ಲೀಚಿಂಗ್ ಸ್ವಲ್ಪ ಉಳಿದ್ರೂ ಯೀಸ್ಟ್ ಸತ್ತುಹೋಗತ್ತೆ."

ಅವಳು ಕೈಯಲ್ಲಿದ್ದ ಪುಡಿಯ ಡಬ್ಬ ಕೆಳಗಿಟ್ಟಳು.

"ಆವತ್ತೂ... ನಾನೇ ತೊಳೆದಿದ್ದೆ. ನಿಮ್ಮ ಕೆಲಸ ಚೆನ್ನಾಗಾಗಲಿ ಅಂತ, ಪುಡಿ ಜಾಸ್ತೀನೇ ಹಾಕಿ..."

"ಗೊತ್ತು. ತೊಟ್ಟಿ ಮೂಲೇಲಿ ಪುಡಿ ಅಂಟಿಕೊಂಡಿತ್ತು. ಹಣ್ಣು ವಾಪಸ್ ಬಂದಮೇಲೆ ನೋಡಿದೆ."

"ಮತ್ತೆ ಅಪ್ಪನಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬೈಗುಳ ನಿಮಗೆ ಬೀಳ್ತಿತ್ತು."

"ಒಂದು ಫೋನಾದ್ರೂ ಮಾಡಬಹುದಿತ್ತಲ್ಲ..."

"ಮಾಡಿದ್ರೆ ನಿಜ ಬಾಯಿಬಿಡ್ತಿದ್ದೆ, ನೀವು ನೇರ ಹೋಗಿ ಅಪ್ಪನಿಗೆ ಹೇಳಿಬಿಡ್ತಿದ್ರಿ. ನನ್ನ ಹೊಟ್ಟೇಲಿ ಮಾತು ನಿಲ್ಲಲ್ಲ."

ಅವಳ ಕಣ್ಣು ತುಂಬಿ ಬಂತು. 'ಬಿಟ್ಟುಹೋದ ಅಂತ ಬೈದುಕೊಂಡೆನಲ್ಲ... ಇವನು ಹೋದದ್ದೇ ನನಗೋಸ್ಕರ!'

"ಅಪ್ಪ ಬೈದಿದ್ರೆ ಒಂದು ದಿನ ಅತ್ತು ಸುಮ್ಮನಾಗ್ತಿದ್ದೆ. ನೀವು ಹೋಗಿದ್ದಕ್ಕೆ ಇನ್ನೂ ಅಳ್ತಾ ಇದೀನಿ."

ಅವನು ತಲೆ ತಗ್ಗಿಸಿದ.

"ಬಂದ ಸಂಬಂಧಗಳನ್ನೆಲ್ಲ ಬೇಡ ಅಂದೆ," ಅವಳೇ ಮುಂದುವರಿಸಿದಳು. "ಯಾಕೆ ಅಂತ ಅಪ್ಪ ಕೇಳ್ತಾನೇ ಇದಾರೆ."

ಅವನು ತಲೆ ಎತ್ತಿದ. ಅವನ ಕಣ್ಣೂ ಒದ್ದೆಯಾಗಿತ್ತು.

"ಅಪ್ಪ ಒಳಗಿದಾರಾ?"

"ಇದಾರೆ. ನಿಮ್ಮ ಮೇಲಿನ ಕೋಪ ಹಾಗೇ ಇದೆ."

"ಇರಲಿ. ಮೊದಲು ಬೈಸಿಕೊಳ್ತೀನಿ. ಆಮೇಲೆ ನಿಮ್ಮನ್ನ ಕೊಡಿ ಅಂತ ಕೇಳ್ತೀನಿ."

ಅವನು ಹೆಜ್ಜೆ ಇಡುವಷ್ಟರಲ್ಲಿ ಅವಳು ಅವನ ಕೈ ಹಿಡಿದಳು.

"ನಿಲ್ಲಿ... ಈ ಸಲ ಇಬ್ಬರೂ ಬೈಸಿಕೊಳ್ಳೋಣ."