ಪದುಮಿಯ ಹಕ್ಕಿಪುಸ್ತಕ ಮತ್ತು ನೂರು ಗೊರವಂಕಗಳು

ಈಗಿನ ಊರುಗಳಿಗೆ ಯಾರೂ ಇನ್ನೂ ಹೆಸರಿಡದ ಕಾಲದಲ್ಲಿ ಚಿತ್ತಾರಪುರವೆಂಬ ರಾಜ್ಯವಿತ್ತು. ಅಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಾದಯ್ಯನೆಂಬವನಿದ್ದ. ಅವನ ಹೆಂಡತಿ ಚೆನ್ನವ್ವ ಬುಟ್ಟಿ ಹೆಣೆಯುವುದರಲ್ಲಿ ಎತ್ತಿದ ಕೈ. ಅವರಿಗೆ ಒಬ್ಬಳೇ ಮಗಳು, ಹೆಸರು ಪದುಮಿ, ವಯಸ್ಸು ಹತ್ತು. ಮಾದಯ್ಯನ ತಾಯಿಯೂ ಅವರ ಜೊತೆಗೇ ಇದ್ದಳು.

ಒಂದು ದಿನ ಸಾಲೆಯ ಗುರುಗಳು ಮಕ್ಕಳಿಗೆ ಒಂದು ಕೆಲಸ ಕೊಟ್ಟರು. ಇದುವರೆಗೆ ಯಾರೂ ಬರೆದಿಡದ ಸಂಗತಿಯೊಂದನ್ನು ಕಣ್ಣಾರೆ ನೋಡಿ, ಪುಸ್ತಕ ಮಾಡಿ, ಸುಗ್ಗಿಯ ಹೊತ್ತಿಗೆ ತರಬೇಕು. ಮನೆಯವರು ಕೈಜೋಡಿಸಬಹುದು, ಆದರೆ ಕಾಣದ್ದನ್ನು ಕಂಡೆನೆಂದು ಬರೆಯಕೂಡದು.

ಪದುಮಿ ಹಕ್ಕಿಗಳನ್ನು ಆರಿಸಿಕೊಂಡಳು. ಅಂದಿನಿಂದ ಆ ಮನೆಗೆ ಬೇರೆ ಮಾತೇ ಇಲ್ಲವಾಯಿತು. ಅಜ್ಜಿ ದಿನವೂ ಮೊಮ್ಮಗಳ ಜೊತೆ ಕೆರೆಯ ದಂಡೆಯಲ್ಲಿ ಕೂತು ಕೊಕ್ಕರೆಗಳನ್ನು ನೋಡಿದಳು. ಚೆನ್ನವ್ವ ಗಾಳಿಗೆ ಬಿದ್ದ ಗೀಜಗನ ಗೂಡನ್ನು ಎಳೆ ಎಳೆಯಾಗಿ ಬಿಚ್ಚಿ ಅದರ ಗಂಟುಗಳನ್ನು ಮಗಳಿಗೆ ತೋರಿಸಿದಳು. ಮಾದಯ್ಯ ಚಿತ್ರಗಳಿಗೆ ಬಣ್ಣ ತುಂಬಿದ. ಮಿಂಚುಳ್ಳಿಯ ಬೆನ್ನಿನ ನೀಲಿ ಮಾತ್ರ ಆರು ಸಲ ಕೆಟ್ಟಿತು. ಏಳನೆಯ ಸಲ ನೀಲಿಗೆ ಚಿಟಿಕೆ ಸುಣ್ಣ ಬೆರೆಸಿದ ಮೇಲೆ ಅದು ಒಲಿಯಿತು. ಆ ಸಂಜೆ ಅವನು ಊಟದ ನಡುವೆ ಮೂರು ಸಲ ಎದ್ದು ಹೋಗಿ ಆ ಪುಟವನ್ನು ನೋಡಿ ಬಂದ.

ಕೊನೆಯ ಪುಟಕ್ಕೆ ಹಂಸದ ಚಿತ್ರ ಉಳಿದಿತ್ತು. ಹಂಸ ನೋಡಲು ಕರಿಗೆರೆಯೆಂಬ ಕೆರೆಯ ಕಡೆಗೆ ಹೋದ ಮಾದಯ್ಯ ಮರಳಿ ಬರಲಿಲ್ಲ.

ಕರಿಗೆರೆಯ ಆಚೆ ಜಟಾಶೂಲನೆಂಬ ಮಂತ್ರವಾದಿಯ ಕೋಟೆ ಇತ್ತು. ತನ್ನ ಕೈಯಿಂದ ಏನನ್ನೂ ಮಾಡಲು ಬಾರದ ಅವನಿಗೆ ಮಾಡಬಲ್ಲವರನ್ನು ಕಂಡರೆ ಹೊಟ್ಟೆಯುರಿ. ಕುಂಬಾರ, ನೇಕಾರ, ಹಾಡುಗಾರ, ಯಾರೇ ಸಿಕ್ಕರೂ ಹಿಡಿದು ಗೊರವಂಕ ಮಾಡಿ ತನ್ನ ತೋಟದಲ್ಲಿ ಕೂರಿಸುತ್ತಿದ್ದ. ತಿಂಗಳು ತುಂಬಿದರೆ ಆ ಹಕ್ಕಿಗಳಿಗೆ ತಾವು ಮನುಷ್ಯರಾಗಿದ್ದ ನೆನಪೇ ಅಳಿಯುತ್ತಿತ್ತು. ತಮ್ಮವರನ್ನು ಒಬ್ಬರಾದರೂ ಗುರುತು ಹಿಡಿದರೆ ಇಡೀ ಮಾಟ ಮುರಿಯುವುದೆಂದು ಎಲ್ಲರಿಗೂ ಗೊತ್ತಿತ್ತು. ತಪ್ಪು ಹಕ್ಕಿಯನ್ನು ಗುರುತಿಸಿದವರು ತಾವೂ ಗೊರವಂಕವಾಗುತ್ತಿದ್ದರು. ಕುದುರೆ, ಕತ್ತಿ, ನಲವತ್ತು ಸೈನಿಕರೊಂದಿಗೆ ಹೋಗಿದ್ದ ಯುವರಾಜನೂ ಈಗ ಅಲ್ಲೇ ಕಾಳು ಹೆಕ್ಕುತ್ತಿದ್ದ.

ತಾನು ಹೋಗುತ್ತೇನೆಂದು ಪದುಮಿ ಹೇಳಿದಾಗ ಚೆನ್ನವ್ವ ಮೊದಲು ಒಪ್ಪಲಿಲ್ಲ. ಯುವರಾಜನ ಕೈಯಲ್ಲೇ ಆಗದ ಕೆಲಸ ನಿನ್ನಿಂದ ಆದೀತೇ ಎಂದು ಕೇಳಿದಳು.

"ಅವ್ವ, ಅವರ ಹತ್ತಿರ ಕತ್ತಿ ಇತ್ತು, ನಮ್ಮ ಹತ್ತಿರ ಪುಸ್ತಕ ಇದೆ," ಎಂದಳು ಪದುಮಿ. "ಅಲ್ಲಿರುವುದೆಲ್ಲ ಹಕ್ಕಿಗಳೇ ತಾನೇ?"

ಚೆನ್ನವ್ವ ಮಗಳ ಮುಖ ನೋಡಿದಳು. ಆಮೇಲೆ ಸೆರಗು ಬಿಗಿದು, ತಾನೂ ಬರುತ್ತೇನೆಂದಳು. ಅಜ್ಜಿ ಎರಡು ರೊಟ್ಟಿಯ ಗಂಟು ಕಟ್ಟಿಕೊಟ್ಟಳು.

ಬೆಳಗಿನ ಬಿಸಿಲಿಗೆ ಇಬ್ಬರೂ ಕರಿಗೆರೆಯ ದಂಡೆಗೆ ಬಂದರು. ಮೊಣಕಾಲುದ್ದ ನೀರು, ನಡುವೆ ಹುಣಸೆಮರದಷ್ಟು ಎತ್ತರದ ಕೊಕ್ಕರೆ. ನೀರಿನಲ್ಲಿ ನಡೆದವರನ್ನು ಅದು ಒಂದೇ ಸಲಕ್ಕೆ ಕುಕ್ಕಿ ಆಚೆ ದಂಡೆಗೆ ಎಸೆಯುತ್ತಿತ್ತು. ಅಲ್ಲಿ ಮಂತ್ರವಾದಿಯ ಆಳುಗಳು ಹಿಡಿಯುತ್ತಿದ್ದರು. ಪದುಮಿ ಅಜ್ಜಿ ಹೇಳಿ ಬರೆಸಿದ ಪುಟ ತೆರೆದಳು. ಕೊಕ್ಕರೆ ಕುಕ್ಕುವುದು ಕದಲುವುದನ್ನು ಮಾತ್ರ. ಮೀನು ನುಂಗುವಾಗ ಕತ್ತು ಮೇಲೆತ್ತುತ್ತದೆ, ಆಗ ಅದಕ್ಕೆ ನೀರು ಕಾಣದು.

ತಾಯಿಮಗಳು ಕೈ ಹಿಡಿದು ನೀರಿಗಿಳಿದರು. ಕೊಕ್ಕರೆ ಕತ್ತು ಎತ್ತಿತು, ಅವರು ನಾಲ್ಕು ಹೆಜ್ಜೆ ನಡೆದರು. ಕತ್ತು ಇಳಿಸಿತು, ಅವರು ಕಂಬದಂತೆ ನಿಂತರು. ಒಂದು ಸಲ ಅದರ ಹಳದಿ ಕಣ್ಣು ಪದುಮಿಯ ಮೂಗಿನ ಮುಂದೆಯೇ ಬಂತು. ಪದುಮಿ ರೆಪ್ಪೆ ಅಲುಗಿಸಲಿಲ್ಲ. ಕೊಕ್ಕರೆ ಇನ್ನೊಂದು ಮೀನು ಹಿಡಿಯಿತು. ಅವರು ಆಚೆ ದಂಡೆ ಸೇರಿ ಜೊಂಡಿನ ಮರೆಯಲ್ಲಿ ಆಳುಗಳ ಕಣ್ಣು ತಪ್ಪಿಸಿದರು.

ಮುಂದೆ ಕೋಟೆಯ ಬಾಗಿಲು. ಅದು ಬಾಗಿಲಲ್ಲ, ಎರಡು ಬಂಡೆಗಳ ನಡುವೆ ತೂಗಿದ ಗೀಜಗನ ಗೂಡು, ಆನೆ ನುಗ್ಗುವಷ್ಟು ದೊಡ್ಡದು. ಎದುರಿಗೇ ದುಂಡನೆಯ ಬಾಯಿ, ಒಳಗೆ ದೀಪ, ಬನ್ನಿ ಬನ್ನಿ ಎಂದು ಕರೆಯುವ ದನಿ. ಕೊಕ್ಕರೆಯಿಂದ ಹೇಗೋ ತಪ್ಪಿಸಿಕೊಂಡ ಯುವರಾಜನ ಸೈನಿಕರು ಆ ಬಾಯಿಯಲ್ಲೇ ನುಗ್ಗಿ ಬಲೆಗೆ ಬಿದ್ದಿದ್ದರು.

ಚೆನ್ನವ್ವ ಹತ್ತಿರ ಹೋಗಿ ಹೆಣಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಇದನ್ನು ಹೆಣೆದವನಿಗೆ ಹೆಣಿಗೆ ಬಾರದು, ಗೀಜಗನ ಗೂಡನ್ನೇ ಮಂತ್ರದಿಂದ ಉಬ್ಬಿಸಿ ಮುಂದೆ ಸುಳ್ಳು ಬಾಯಿ ಕೊರೆದಿದ್ದಾನೆ ಎಂದಳು. ಪದುಮಿ ಪುಸ್ತಕದ ಚಿತ್ರ ತೋರಿಸಿದಳು. ಗೀಜಗನ ನಿಜವಾದ ದಾರಿ ಕೆಳಗಿನಿಂದ ಮೇಲಕ್ಕೆ ಹೋಗುವ ಕೊಳವೆ. ಇಬ್ಬರೂ ಬಗ್ಗಿ ಗೂಡಿನ ಅಡಿಗೆ ಹೋದರು. ಕೊಳವೆಯ ಬಾಯನ್ನು ಹುಲ್ಲಿನಿಂದ ಹೊಲಿಯಲಾಗಿತ್ತು. ಚೆನ್ನವ್ವ ಗಂಟು ಹುಡುಕಿ, ಮನೆಯಲ್ಲಿ ಬಿಚ್ಚಿದಂತೆಯೇ ಬಿಚ್ಚಿದಳು. ಹುಲ್ಲು ಹಿಡಿದು ಹತ್ತಿ ಅವರು ತೋಟದೊಳಗೆ ಇಳಿದರು.

ತೋಟದಲ್ಲಿ ನೂರು ಗೊರವಂಕಗಳು ಸಾಲಾಗಿ ಕೂತಿದ್ದವು. ಅದೇ ಹಳದಿ ಕೊಕ್ಕು, ಅದೇ ಕಂದು ರೆಕ್ಕೆ. ಮಂತ್ರವಾದಿ ಉಯ್ಯಾಲೆಯಿಂದ ಎದ್ದು ಬಂದ. ಮಗುವೊಂದು ಇಲ್ಲಿಯವರೆಗೆ ಬಂದದ್ದು ಅವನಿಗೆ ಹಿಡಿಸಲಿಲ್ಲ. ಒಂದೇ ಅವಕಾಶ, ತಪ್ಪಿದರೆ ತಾಯಿಮಗಳಿಬ್ಬರೂ ಸಾಲಿಗೆ ಸೇರಬೇಕೆಂದ. ಕೋಲಿನಿಂದ ನೆಲ ಕುಟ್ಟಿ, ಕದಲಕೂಡದೆಂದು ಹಕ್ಕಿಗಳಿಗೆ ಅಪ್ಪಣೆ ಮಾಡಿದ.

ಚೆನ್ನವ್ವನ ಕಣ್ಣು ಒಂದು ಹಕ್ಕಿಯ ಮೇಲೆ ನಿಂತಿತು. ಅದರ ಕಾಲುಗಳಿಗೆ ನೀಲಿ ಬಣ್ಣ ಹತ್ತಿತ್ತು. ಅವಳು ಕೈ ಎತ್ತುವಷ್ಟರಲ್ಲಿ ಪದುಮಿ ಸೆರಗು ಹಿಡಿದು ತಡೆದಳು. ಆ ನೀಲಿ ಇನ್ನೂ ಹಸಿಯಾಗಿದೆ, ಈಗಷ್ಟೇ ಯಾರೋ ಬಳಿದದ್ದು ಎಂದು ಪಿಸುಗುಟ್ಟಿದಳು. ಮಂತ್ರವಾದಿ ಹುಬ್ಬು ಗಂಟಿಕ್ಕಿದ.

ಪದುಮಿ ನೆಲದ ಮೇಲೆ ಕೂತು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಓದತೊಡಗಿದಳು. ಕಾಗೆ, ಗುಬ್ಬಿ, ಮರಕುಟಿಗ. ನೂರು ಹಕ್ಕಿಗಳೂ ಕಲ್ಲಿನಂತೆ ಕೂತಿದ್ದವು. ಮಿಂಚುಳ್ಳಿಯ ಪುಟ ಬಂತು. ಅವಳು ಬೇಕೆಂದೇ ತಪ್ಪು ಓದಿದಳು.

"ಮಿಂಚುಳ್ಳಿಯ ಬೆನ್ನಿಗೆ ಅಪ್ಪ ನೀಲಿ ಅರೆದರು. ಹೊಳಪು ಬರಲೆಂದು ಅದಕ್ಕೆ ಅರಿಸಿನ ಬೆರೆಸಿದರು."

ಯಾವ ಹಕ್ಕಿಯೂ ಅಲುಗಲಿಲ್ಲ. ಅವಳು ಅದೇ ಸಾಲನ್ನು ಇನ್ನೊಮ್ಮೆ ಓದಿದಳು. ಅರಿಸಿನ ಎಂಬಲ್ಲಿ ದನಿ ಎತ್ತಿದಳು. ಹಿಂದಿನ ಸಾಲಿನಲ್ಲಿ ಒಂದು ಗೊರವಂಕ ಕತ್ತು ಕೊಂಕಿಸಿತು. ಮೂರನೆಯ ಸಲ ಓದುವಷ್ಟರಲ್ಲಿ ಅದಕ್ಕೆ ತಡೆಯಲಾಗಲಿಲ್ಲ. ಮಂತ್ರವಾದಿಯ ಕೋಲಿನ ಪೆಟ್ಟು ತಪ್ಪಿಸಿ, ಕುಪ್ಪಳಿಸಿ ಬಂದು ಪುಟದ ಮೇಲೆ ಹತ್ತಿ, ಕೊಕ್ಕಿನಿಂದ ಆ ಸಾಲನ್ನು ಕುಟ್ಟಿತು. ಒಂದು ಸಲ, ಎರಡು ಸಲ. ಮಗಳು ತಪ್ಪು ಓದಿದಾಗಲೆಲ್ಲ ಮಾದಯ್ಯ ಬೆರಳಿಟ್ಟು ತೋರಿಸುತ್ತಿದ್ದದ್ದು ಹೀಗೆಯೇ.

ಪದುಮಿ ಹಕ್ಕಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಇವರೇ ನಮ್ಮಪ್ಪ," ಎಂದಳು.

ಮಂತ್ರವಾದಿಯ ಕೋಲು ಒಣಗಿದ ಜೋಳದ ದಂಟಾಗಿ ಮುರಿಯಿತು. ಅವಳ ಕೈಯಲ್ಲಿದ್ದ ಹಕ್ಕಿ ಭಾರವಾಯಿತು, ಇನ್ನೂ ಭಾರವಾಯಿತು, ಮಾದಯ್ಯನಾಗಿ ನೆಲಕ್ಕೆ ಕಾಲೂರಿತು. ಅವನ ಮೊದಲ ಮಾತು ಬಣ್ಣದ ವಿಷಯ.

"ಅರಿಸಿನ ಹಾಕಿದರೆ ಹಸಿರಾಗುತ್ತದಮ್ಮ," ಎಂದ. ಹೇಳುತ್ತಲೇ ಹೆಂಡತಿ ಮಗಳಿಬ್ಬರನ್ನೂ ತಬ್ಬಿಕೊಂಡ. ಚೆನ್ನವ್ವ ಅವನ ತಲೆಗೂದಲಲ್ಲಿ ಉಳಿದಿದ್ದ ಒಂದು ಗರಿಯನ್ನು ತೆಗೆದಳು.

ತೋಟದ ತುಂಬ ಮನುಷ್ಯರ ಸದ್ದು. ಕುಂಬಾರರು, ನೇಕಾರರು, ಸೈನಿಕರು ಕೈಕಾಲು ಮುಟ್ಟಿ ನೋಡಿಕೊಂಡರು. ಯುವರಾಜನ ಬಾಯಲ್ಲಿ ಇನ್ನೂ ಕಾಳಿತ್ತು. ಅವನು ಅದನ್ನು ಉಗುಳಿ, ಪದುಮಿಗೆ ಕೈಮುಗಿದ.

ಮಂತ್ರವಿಲ್ಲದ ಜಟಾಶೂಲ ಒಬ್ಬ ಸಣಕಲು ಮುದುಕನಷ್ಟೇ. ಅವನನ್ನು ಅರಮನೆಗೆ ಒಯ್ದಾಗ, ಇವನನ್ನು ಏನು ಮಾಡೋಣವೆಂದು ರಾಜ ಪದುಮಿಯನ್ನೇ ಕೇಳಿದ. ಇವರನ್ನು ಚಾಪೆ ಹೆಣೆಯಲು ನಮ್ಮವ್ವನ ಹತ್ತಿರ ಕೂರಿಸಿ, ಕಲಿಯುವ ತನಕ ಬಿಡಬೇಡಿ ಎಂದಳು ಅವಳು. ಹಾಗೆಯೇ ಆಯಿತು. ಮೊದಲ ಚಾಪೆ ಸೊಟ್ಟಗಾಯಿತು, ಎರಡನೆಯದೂ ಸೊಟ್ಟ. ಮೂರನೆಯದರ ಮೇಲೆ ಅಜ್ಜಿ ಹಪ್ಪಳ ಒಣಗಿಸಿದಾಗ ಮುದುಕ ದಿನವಿಡೀ ಅಂಗಳ ಬಿಟ್ಟು ಕದಲದೆ ಕಾಗೆ ಓಡಿಸಿದ. ತನ್ನ ಕೈಯಿಂದ ಆದ ವಸ್ತುವನ್ನು ಅವನು ನೋಡಿದ್ದು ಅದೇ ಮೊದಲು. ಆಮೇಲೆ ಅವನಿಗೆ ಯಾರನ್ನು ಕಂಡರೂ ಹೊಟ್ಟೆಯುರಿಯಲಿಲ್ಲ.

ಹಂಸದ ಪುಟವೂ ಮುಗಿದು ಪದುಮಿಯ ಪುಸ್ತಕ ಸುಗ್ಗಿಯ ಹೊತ್ತಿಗೆ ಗುರುಗಳ ಕೈ ಸೇರಿತು. ಆ ವರ್ಷದಿಂದ ಚಿತ್ತಾರಪುರದ ಮನೆಮನೆಯಲ್ಲೂ ಸುಗ್ಗಿಗೊಂದು ಪುಸ್ತಕ ಹುಟ್ಟಿತು. ಒಂದು ಮನೆಯವರು ಇರುವೆಗಳ ಬಗ್ಗೆ ಬರೆದರು, ಇನ್ನೊಂದು ಮನೆಯವರು ಮೋಡಗಳ ಬಗ್ಗೆ. ಅರಮನೆಯಲ್ಲಿ ರಾಜ, ರಾಣಿ, ಯುವರಾಜ ಮೂವರೂ ನೆಲದ ಮೇಲೆ ಕೂತು ಕಪ್ಪೆಗಳ ಪುಸ್ತಕ ಮಾಡಿದರು. ಹೀಗೆ ಓದುತ್ತ, ಬರೆಯುತ್ತ, ಒಬ್ಬರ ತಪ್ಪನ್ನು ಒಬ್ಬರು ತಿದ್ದುತ್ತ ಆ ನಾಡಿನವರೆಲ್ಲ ನೂರು ಸುಗ್ಗಿ ಸುಖವಾಗಿ ಬಾಳಿದರು.